ತ್ರಯೈಕ್ಯವೆಂಬ ಮಾತು ಕನ್ನಡಕ್ಕೆ ಬಂದ ಬಗೆ

ಯಶವಂತಪುರದಲ್ಲಿ ಮೆಟ್ರೋ ಗಾಡಿಯನ್ನು ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಇಳಿದು, ಪೂರ್ವದ ಕಡೆಗೆ ಹೋಗುವ ಇನ್ನೊಂದು ಗಾಡಿಯನ್ನು ಹಿಡಿದವರಿಗೆ ಮಹಾತ್ಮ ಗಾಂಧಿ ರಸ್ತೆಯ ನಿಲ್ದಾಣ ದಾಟಿದೊಡನೆ ‘ಟ್ರಿನಿಟಿ’ ಎಂಬ ಹೆಸರು ಕೇಳಿಬರುತ್ತದೆ. 2011ರಲ್ಲಿ ನಗರದ ಮೊದಲ ಮೆಟ್ರೋ ಗಾಡಿ ಓಡಿದಂದಿನಿಂದ ಈ ಹೆಸರು ದಿನಕ್ಕೆ ನೂರಾರು ಸಲ ಬೆಂಗಳೂರಿಗರ ಕಿವಿಗೆ ಬೀಳುತ್ತಿದೆ. ನಿಲ್ದಾಣಕ್ಕೆ ಹೆಸರನ್ನು ಕೊಟ್ಟದ್ದು ಅಲ್ಲಿಯ ವೃತ್ತ. ವೃತ್ತಕ್ಕೆ ಹೆಸರನ್ನು ಕೊಟ್ಟದ್ದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ದಂಡಿನ ಪ್ರದೇಶದಲ್ಲಿ ಕಟ್ಟಿದ ಹೋಲಿ ಟ್ರಿನಿಟಿ ಚರ್ಚು. ಆ ಚರ್ಚಿಗೆ ಹೆಸರನ್ನು ಕೊಟ್ಟದ್ದು ಕ್ರೈಸ್ತಮತದ ಒಂದು ಸಿದ್ಧಾಂತ. ನಾವು ನಿಲ್ದಾಣವನ್ನು ಬಲ್ಲೆವು, ವೃತ್ತವನ್ನು ಬಲ್ಲೆವು. ಸಿದ್ಧಾಂತದ ಬಾಗಿಲ ತನಕ ಹೋದವರು ಕಡಮೆ.

ಇದೇನೆಂದು ಹತ್ತು ಮಂದಿಯನ್ನು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರಗಳು ಎರಡು. ‘ಕ್ರೈಸ್ತರಿಗೆ ಮೂವರು ದೇವರು’ ಎಂಬುದು ಒಂದು. ‘ನಮ್ಮ ತ್ರಿಮೂರ್ತಿಗಳಿದ್ದ ಹಾಗೆ’ ಎಂಬುದು ಇನ್ನೊಂದು. ಈ ಎರಡನ್ನೂ ಕ್ರೈಸ್ತರು ಒಪ್ಪುವುದಿಲ್ಲ. ಒಂದೇ ಬೀದಿಯಲ್ಲಿ ನಾಲ್ಕು ತಲೆಮಾರು ಬಾಳಿದವರು ಪರಸ್ಪರರ ನಂಬಿಕೆಯ ನಡುಗಂಬವನ್ನೇ ತಪ್ಪಾಗಿ ತಿಳಿದಿದ್ದರೆ ಅದು ಸಣ್ಣ ಕೊರತೆಯಲ್ಲ. ಈ ಲೇಖನದ ಉದ್ದೇಶ ಮತಬೋಧೆಯೂ ಅಲ್ಲ, ಖಂಡನೆಯೂ ಅಲ್ಲ. ಒಂದು ಕಠಿನವಾದ ಮಾತು ಹೇಗೆ ಹುಟ್ಟಿತು, ಕನ್ನಡಕ್ಕೆ ಹೇಗೆ ಬಂತು, ಅದನ್ನು ಒಪ್ಪಿದವರು ಏನನ್ನು ಒಪ್ಪಿದರು, ಒಪ್ಪದವರು ಏಕೆ ಒಪ್ಪಲಿಲ್ಲ ಎಂಬ ಚರಿತ್ರೆಯನ್ನು ನೋಡುವುದಷ್ಟೇ ನಮ್ಮ ಕೆಲಸ.

ಮೊದಲು ಸಿದ್ಧಾಂತವನ್ನು ನೇರವಾಗಿ ಹೇಳಿಬಿಡೋಣ. ದೇವರು ಒಬ್ಬನೇ. ಆ ಒಬ್ಬ ದೇವರೇ ತಂದೆ, ಮಗ, ಪವಿತ್ರಾತ್ಮ. ತಂದೆಯು ಮಗನಲ್ಲ, ಮಗನು ಪವಿತ್ರಾತ್ಮನಲ್ಲ. ಆದರೆ ಮೂವರಲ್ಲಿ ಒಬ್ಬೊಬ್ಬನೂ ಪೂರ್ಣವಾಗಿ ದೇವರು. ಹಾಗೆಂದು ಮೂವರು ದೇವರಿಲ್ಲ. ಒಬ್ಬನೇ ನಟನು ಮೂರು ವೇಷ ಹಾಕಿದಂತೆಯೂ ಅಲ್ಲ. ಇದನ್ನು ಕೇಳಿದ ಕೂಡಲೆ ಲೆಕ್ಕದ ಮೇಷ್ಟರು ಸೀಮೆಸುಣ್ಣವನ್ನು ಕೆಳಗಿಡುವುದು ಸಹಜ. ಆದರೆ ಚರಿತ್ರೆಯನ್ನು ಓದಿದರೆ ತೋರುವುದೇನೆಂದರೆ, ಇಲ್ಲಿ ಜನ ಕಾದಾಡಿದ್ದು ಲೆಕ್ಕಕ್ಕಾಗಿ ಅಲ್ಲ, ಮಾತಿಗಾಗಿ. ಪ್ರಾರ್ಥನೆ ಮೊದಲು ಬಂತು. ಅದಕ್ಕೆ ತಕ್ಕ ಪದವನ್ನು ಹುಡುಕುವ ಕಷ್ಟ ಆಮೇಲೆ ಬಂತು.

‘ತ್ರಿತ್ವ’ ಎಂಬ ಅರ್ಥದ ಪದವೇ ಬೈಬಲಿನಲ್ಲಿ ಇಲ್ಲ. ಯೇಸುವಿನ ಮೊದಲ ಶಿಷ್ಯರು ಯೆಹೂದಿಗಳು. ದೇವರು ಒಬ್ಬನೇ ಎಂಬುದು ಅವರು ದಿನವೂ ಉಚ್ಚರಿಸುತ್ತಿದ್ದ ನಂಬಿಕೆ. ಅದಕ್ಕಾಗಿ ಪ್ರಾಣವನ್ನು ತೆತ್ತವರು ಅವರ ಹಿರಿಯರಲ್ಲಿ ಅನೇಕರು. ಅಂಥವರೇ ಯೇಸುವನ್ನು ಕರ್ತನೆಂದು ಕರೆದು ಪ್ರಾರ್ಥಿಸತೊಡಗಿದರು. ತಮ್ಮೊಳಗೆ ದೇವರ ಆತ್ಮವು ಕೆಲಸಮಾಡುತ್ತಿದೆಯೆಂದು ನಂಬಿದರು. ಒಬ್ಬನೇ ದೇವರೆಂಬ ಹಳೆಯ ಮಾತನ್ನು ಬಿಡಲಿಲ್ಲ, ಹೊಸ ಅನುಭವವನ್ನೂ ಬಿಡಲಿಲ್ಲ. ಮತ್ತಾಯನ ಸುವಾರ್ತೆಯ ಕೊನೆಯಲ್ಲಿ ದೀಕ್ಷಾಸ್ನಾನದ ವಿಧಿಯನ್ನು ಹೇಳುವಾಗ ತಂದೆ, ಮಗ, ಪವಿತ್ರಾತ್ಮ ಎಂದು ಮೂವರನ್ನು ಹೇಳಿದ್ದರೂ ‘ಹೆಸರು’ ಎಂಬ ಪದ ಮಾತ್ರ ಮೂಲ ಗ್ರೀಕಿನಲ್ಲಿ ಏಕವಚನದಲ್ಲಿದೆ. ‘ಹೆಸರುಗಳಲ್ಲಿ’ ಎಂದಿಲ್ಲ, ‘ಹೆಸರಿನಲ್ಲಿ’ ಎಂದಿದೆ. ವ್ಯಾಕರಣವನ್ನು ಕಲಿತವರಿಗೆ ಇದು ಕಣ್ಣಿಗೆ ಬೀಳದೆ ಇರದು. ಮುಂದಿನ ಸಿದ್ಧಾಂತವೆಲ್ಲ ಈ ಒಂದು ಏಕವಚನದ ಟೀಕೆ ಎಂದರೂ ಸಲ್ಲುತ್ತದೆ.

ಸುಮಾರು 180ರಲ್ಲಿ ಅಂತಿಯೋಕ್ಯದ ಥಿಯೋಫಿಲಸನು ಗ್ರೀಕಿನಲ್ಲಿ ‘ತ್ರಿಯಾಸ್’ ಎಂಬ ಪದವನ್ನು ಬಳಸಿದನು. ಸುಮಾರು 200ರ ಹೊತ್ತಿಗೆ ಉತ್ತರ ಆಫ್ರಿಕದ ಕಾರ್ಥೇಜ್ ನಗರದ ತೆರ್ತುಲ್ಲಿಯನನು ಲ್ಯಾಟಿನಿನಲ್ಲಿ ‘ತ್ರಿನಿತಾಸ್’ ಎಂಬ ಪದವನ್ನು ಬಳಕೆಗೆ ತಂದನು. ಪದ ಸಿಕ್ಕಿತು, ಜಗಳವೂ ಹಿಂದೆಯೇ ಬಂತು. 318ರ ಸುಮಾರಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಏರಿಯಸ್ ಎಂಬ ಪಾದ್ರಿಯು, ಮಗನು ಎಷ್ಟೇ ದೊಡ್ಡವನಾದರೂ ದೇವರ ಸೃಷ್ಟಿಗಳಲ್ಲಿ ಮೊದಲನೆಯವನು, ಆದುದರಿಂದ ದೇವರಿಗೆ ಸಮನಲ್ಲ ಎಂದು ಬೋಧಿಸಿದನು. ಮಾತು ಬೀದಿಗೆ ಬಂತು. ಕಾನ್‌ಸ್ಟಂಟೈನ್ ಚಕ್ರವರ್ತಿ 325ರಲ್ಲಿ, ಇಂದಿನ ತುರ್ಕಿ ದೇಶದಲ್ಲಿರುವ ನಿಸೀಯ ಎಂಬ ಊರಿಗೆ ಬಿಷಪ್ಪರನ್ನು ಕರೆಸಿ ಸಭೆ ಸೇರಿಸಿದನು. 2025ಕ್ಕೆ ಆ ಸಭೆಗೆ 1700 ವರ್ಷ ತುಂಬಿತು.

ಆ ಸಭೆಯು ಕೊಟ್ಟ ತೀರ್ಪನ್ನು ನಮ್ಮ ಊರಿನ ಉದಾಹರಣೆಯಿಂದಲೇ ತಿಳಿಯಬಹುದು. ಬೆನ್‌ಸನ್ ಟೌನಿನ ಪಕ್ಕದಲ್ಲಿ ಕುಂಬಾರರ ಕೇರಿಯಾದ ಪಾಟರಿ ಟೌನ್ ಇದೆ. ಕುಂಬಾರನು ಮಡಕೆಯನ್ನು ಮಾಡುತ್ತಾನೆ, ಮಗನನ್ನು ಪಡೆಯುತ್ತಾನೆ. ಮಡಕೆ ಎಷ್ಟು ಸೊಗಸಾಗಿದ್ದರೂ ಅದು ಮಣ್ಣು, ಕುಂಬಾರನ ಜಾತಿಯದಲ್ಲ. ಮಗ ಎಷ್ಟು ಚಿಕ್ಕವನಾದರೂ ತಂದೆಯಂತೆಯೇ ಮನುಷ್ಯ. ಕ್ರಿಸ್ತನು ದೇವರಿಂದ ‘ಮಾಡಲ್ಪಟ್ಟವನೋ’ ‘ಹುಟ್ಟಿದವನೋ’ ಎಂಬುದೇ ಅಂದಿನ ಪ್ರಶ್ನೆ. ಏರಿಯಸನ ಪಕ್ಷಕ್ಕೆ ಕ್ರಿಸ್ತನು ಅತ್ಯುತ್ತಮವಾದ ಮಡಕೆ. ಸಭೆಯ ಪಕ್ಷಕ್ಕೆ ಅವನು ಮಗ. ಆದ್ದರಿಂದ ತಂದೆಯ ಸತ್ತ್ವವೇ ಮಗನ ಸತ್ತ್ವ ಎಂದು ಹೇಳಲು ‘ಹೊಮೊಊಸಿಯೋಸ್’ ಎಂಬ ಪದವನ್ನು ಸಭೆ ಆರಿಸಿತು. ಉದಾಹರಣೆಗೆ ಒಂದು ಎಲ್ಲೆಯಿದೆ. ಕುಂಬಾರನ ಮಗ ತಂದೆಗಿಂತ ಕಿರಿಯವನು, ಬೇರೆಯವನು. ಇಲ್ಲಿ ಕಾಲದ ಹಿಂದು ಮುಂದು ಇಲ್ಲ, ಇಬ್ಬರು ದೇವರೂ ಇಲ್ಲ ಎನ್ನುತ್ತದೆ ಸಿದ್ಧಾಂತ.

ಸಭೆ ಮುಗಿದರೂ ವಾದ ಮುಗಿಯಲಿಲ್ಲ. ‘ಅದೇ ಸತ್ತ್ವ’ ಎನ್ನುವ ಬದಲು ‘ಅಂಥದೇ ಸತ್ತ್ವ’ ಎನ್ನಬಾರದೇಕೆ ಎಂದು ಕೆಲವರು ಕೇಳಿದರು. ಗ್ರೀಕಿನಲ್ಲಿ ಈ ಎರಡು ಪದಗಳಿಗೆ ಇರುವ ವ್ಯತ್ಯಾಸ ಒಂದೇ ಅಕ್ಷರ. ಒಂದಕ್ಷರಕ್ಕಾಗಿ ಇಷ್ಟು ಕಲಹವೇ ಎಂದು ನಕ್ಕವರುಂಟು. ಆದರೆ ‘ಕಲೆ’ ಮತ್ತು ‘ಕೊಲೆ’ ಎಂಬ ಮಾತುಗಳಲ್ಲಿ ಒಂದು ಸ್ವರ ಏನು ಮಾಡುತ್ತದೆಂಬುದನ್ನು ಬಲ್ಲ ಕನ್ನಡಿಗರು ಹಾಗೆ ನಗಲಾರರು. ಸಭೆಯ ಪಕ್ಷವನ್ನು ಎತ್ತಿಹಿಡಿದ ಅಥನೇಸಿಯಸನು ಐದು ಬಾರಿ ತನ್ನ ಪೀಠವನ್ನು ಬಿಟ್ಟು ದೇಶಭ್ರಷ್ಟನಾಗಬೇಕಾಯಿತು. ಮುಂದೆ ಬೆಸಿಲ್ ಮತ್ತು ಇಬ್ಬರು ಗ್ರೆಗರಿಗಳು ಸತ್ತ್ವ ಒಂದು, ಅದನ್ನು ಧರಿಸಿ ನಿಂತವರು ಮೂವರು ಎಂದು ಪದಗಳನ್ನು ಬೇರೆ ಮಾಡಿ ತೋರಿಸಿದರು. 381ರ ಕಾನ್‌ಸ್ಟಾಂಟಿನೋಪಲಿನ ಸಭೆಯಲ್ಲಿ ಈ ಸಿದ್ಧಾಂತ ನೆಲೆಗೊಂಡಿತು. ಮುಂದೆ ಅದರ ಮೇಲೆ ದೊಡ್ಡ ಗ್ರಂಥವನ್ನೇ ಬರೆದ ಸಂತ ಅಗಸ್ಟೀನನಿಗೂ ತಾನು ಬಳಸುತ್ತಿದ್ದ ಪದ ಸಾಲದೆಂಬ ಅರಿವಿತ್ತು. ಸುಮ್ಮನಿರಲಾರದೆ ಆಡಿದ ಮಾತು ಇದು ಎಂಬುದು ಅವನ ಅಭಿಪ್ರಾಯದ ಸಾರ.

ಗ್ರೀಕರಿಗೂ ಲ್ಯಾಟಿನರಿಗೂ ಸಾಲದೆಹೋದ ಮಾತನ್ನು ಕನ್ನಡದಲ್ಲಿ ಹೇಳಬೇಕಾದ ಕಾಲ ಬಂದದ್ದು ಹದಿನೇಳನೆಯ ಶತಮಾನದಲ್ಲಿ. 1649ರಲ್ಲಿ ಲಿಯೊನಾರ್ಡೊ ಚಿನ್ನಮಿ ಎಂಬ ಇಟಲಿಯ ಜೆಸುಯಿಟ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಅಡಿಗಲ್ಲಿಟ್ಟರು. ಕನ್ನಡವನ್ನು ಕಲಿತು ಕನ್ನಡದಲ್ಲಿಯೇ ಮತಬೋಧೆಯ ಬರೆಹಗಳನ್ನು ಸಿದ್ಧಪಡಿಸಿದರು. ಆ ಕಾಲದ ಪಾದ್ರಿಗಳಿಗೆ ಒಂದು ಸುಲಭದ ದಾರಿಯಿತ್ತು. ಕಠಿನವಾದ ಪದವನ್ನು ಅನುವಾದಿಸುವ ಗೋಜಿಗೆ ಹೋಗದೆ ಪರಭಾಷೆಯ ಪದವನ್ನೇ ಇಟ್ಟುಕೊಳ್ಳುವುದು. ನೆರೆಯ ತಮಿಳಿನ ಹಳೆಯ ಕ್ಯಾಥೊಲಿಕ್ ಪ್ರಾರ್ಥನೆಗಳಲ್ಲಿ ಪವಿತ್ರಾತ್ಮನಿಗೆ ‘ಇಸ್ಪಿರಿತ್ತು ಸಾಂತು’ ಎಂದೇ ಹೆಸರು. ಹೀಗೆ ಮಾಡಿದರೆ ತಪ್ಪರ್ಥ ಬರುವ ಭಯವಿಲ್ಲ. ಆದರೆ ಅರ್ಥವೇ ಬಾರದಿರುವ ಭಯವುಂಟು.

ಇನ್ನೊಂದು ದಾರಿಯನ್ನು ಹಿಡಿದವರು ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನವರು. 1810ರಲ್ಲಿ ಅಲ್ಲಿಗೆ ಬಂದ ಜಾನ್ ಹ್ಯಾಂಡ್ಸ್, ಅನಂತರ ಬಂದು ಸೇರಿದ ವಿಲಿಯಂ ರೀವ್ ಮೊದಲಾದವರ ದುಡಿಮೆಯಿಂದ 1831ರಲ್ಲಿ ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಯಿತು. ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿಯೂ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿಯೂ ಹೊರಬಂದವು. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರು ಈ ಕೆಲಸವನ್ನು ಮುಂದುವರಿಸಿದರು. ವೈಗ್ಲೆಯವರು ಬೈಬಲಿನ ಪರಿಷ್ಕರಣಕ್ಕೆ ಕೈಯಿಟ್ಟರು. ಕಿಟ್ಟೆಲ್ಲರು 1862ರಲ್ಲಿ ಯೇಸುವಿನ ಕಥೆಯನ್ನು ‘ಕಥಾಮಾಲೆ’ ಎಂಬ ಹೆಸರಿನಲ್ಲಿ ಕನ್ನಡದ ಛಂದಸ್ಸಿನಲ್ಲಿಯೇ ಹಾಡಿದರು. ಅವರ ಮಹಾನಿಘಂಟು 1894ರಲ್ಲಿ ಪ್ರಕಟವಾಯಿತು.

ಈ ಅನುವಾದಕರ ಎದುರಿಗೆ ನಮ್ಮ ವ್ಯಾಕರಣವು ಒಡ್ಡಿದ ಪ್ರಶ್ನೆಗಳು ಸ್ವಾರಸ್ಯವಾಗಿವೆ. ‘ದೇವರು’ ಎಂಬ ಪದವನ್ನೇ ತೆಗೆದುಕೊಳ್ಳಿ. ರೂಪದಲ್ಲಿ ಇದು ಬಹುವಚನ. ಅರ್ಥದಲ್ಲಿ ಗೌರವದ ಏಕವಚನ. ಪ್ರೊಟೆಸ್ಟಂಟರಲ್ಲಿ ಬಹುಕಾಲ ಬಳಕೆಯಲ್ಲಿದ್ದ ಕನ್ನಡ ಸತ್ಯವೇದದ ಮೊದಲ ವಾಕ್ಯದಲ್ಲಿ ಕರ್ತೃಪದ ‘ದೇವರು’ ಎಂದಿದ್ದರೂ ಕ್ರಿಯಾಪದ ಮಾತ್ರ ಏಕವಚನದಲ್ಲಿದೆ. ಶಾಲೆಯ ಹುಡುಗನು ಹೀಗೆ ಬರೆದರೆ ಪಂಡಿತರು ಕೆಂಪು ಮಸಿಯಲ್ಲಿ ಗೆರೆ ಎಳೆದಾರು. ಆದರೆ ಮೂಲ ಹೀಬ್ರೂವಿನಲ್ಲಿಯೂ ‘ಎಲೋಹೀಂ’ ಎಂಬ ಕರ್ತೃಪದ ಬಹುವಚನದ ರೂಪ, ಕ್ರಿಯಾಪದ ಏಕವಚನ! ಎಲ್ಲಿಯ ಹೀಬ್ರೂ, ಎಲ್ಲಿಯ ಕನ್ನಡ! ಹಿಂದಿನ ಕೆಲವು ಕ್ರೈಸ್ತ ವಿದ್ವಾಂಸರು ಹೀಬ್ರೂವಿನ ಆ ಬಹುವಚನದಲ್ಲಿಯೇ ತ್ರಿತ್ವದ ಸೂಚನೆಯನ್ನು ಕಂಡರು. ಅದು ಬರಿಯ ಗೌರವದ ಬಹುವಚನವೆಂದು ಇಂದಿನ ಭಾಷಾವಿದ್ವಾಂಸರಲ್ಲಿ ಹೆಚ್ಚಿನವರ ಮತ. ಗೌರವಕ್ಕಾಗಿ ಒಬ್ಬನನ್ನು ‘ಅವರು’ ಎನ್ನುವ ನಮಗೆ ಈ ಎರಡನೆಯ ಮತ ಕೂಡಲೆ ತಿಳಿಯುತ್ತದೆ.

‘ಆತ್ಮ’ ಎಂಬ ಮಾತಿನಲ್ಲಿ ಲಿಂಗದ ತೊಡಕು. ಹೀಬ್ರೂವಿನಲ್ಲಿ ಆ ಅರ್ಥದ ಪದ ಸ್ತ್ರೀಲಿಂಗ, ಗ್ರೀಕಿನಲ್ಲಿ ನಪುಂಸಕಲಿಂಗ, ಲ್ಯಾಟಿನಿನಲ್ಲಿ ಪುಲ್ಲಿಂಗ. ಕನ್ನಡದಲ್ಲಿ ‘ಆತ್ಮ ಬಂತು’ ಎಂದರೆ ಅದೊಂದು ಶಕ್ತಿಯೋ ಗಾಳಿಯೋ ಎಂಬ ಭಾವ. ಕೆಲವು ಕಡೆ ದೆವ್ವವೆಂಬ ಭಾವವೂ ಬಂದೀತು. ‘ಬಂದನು’ ಎಂದರೆ ಒಬ್ಬನೆಂಬ ಭಾವ. ‘ಪವಿತ್ರಾತ್ಮನು’ ಎಂದು ಪ್ರೊಟೆಸ್ಟಂಟರು, ‘ಪವಿತ್ರಾತ್ಮರು’ ಎಂದು ಗೌರವ ಸೇರಿಸಿ ಕ್ಯಾಥೊಲಿಕರು ಹೇಳುವ ವಾಡಿಕೆಯ ಹಿಂದೆ ಈ ಎಚ್ಚರವಿದೆ. ಒಂದು ವಿಭಕ್ತಿಪ್ರತ್ಯಯ, ಒಂದು ಕ್ರಿಯಾರೂಪ ಸಿದ್ಧಾಂತದ ಭಾರವನ್ನು ಹೊರಬೇಕಾಗಿತ್ತು.

ಎಲ್ಲಕ್ಕಿಂತ ತೊಡಕಿನದು ‘ವ್ಯಕ್ತಿ’ ಎಂಬ ಪದ. ಮೂವರು ವ್ಯಕ್ತಿಗಳು ಎಂದರೆ ಇಂದಿನ ಕನ್ನಡದಲ್ಲಿ ಜಗಲಿಯ ಮೇಲೆ ಕುಳಿತ ಮೂವರು ಗೃಹಸ್ಥರೇ ಕಣ್ಣಿಗೆ ಬರುತ್ತಾರೆ. ಹಾಗಾದರೆ ಮೂವರು ದೇವರಾದರು. ಸಂಸ್ಕೃತದ ಹಳೆಯ ಅರ್ಥವನ್ನು ಹಿಡಿದರೆ ‘ವ್ಯಕ್ತಿ’ ಎಂದರೆ ವ್ಯಕ್ತವಾಗುವಿಕೆ, ತೋರಿಕೆ. ಹಾಗಾದರೆ ಒಬ್ಬನೇ ಮೂರು ಬಗೆಯಲ್ಲಿ ತೋರಿಕೊಂಡಂತಾಯಿತು. ಮೂರನೆಯ ಶತಮಾನದಲ್ಲಿ ಸಬೆಲ್ಲಿಯಸನು ಹೇಳಿದನೆನ್ನುವ, ಚರ್ಚು ನಿರಾಕರಿಸಿದ ವಾದವೂ ಇದೇ. ಲ್ಯಾಟಿನಿನ ‘ಪೆರ್ಸೋನ’ ಎಂಬ ಪದಕ್ಕೂ ಮೊದಲು ನಾಟಕದ ಮುಖವಾಡವೆಂಬ ಅರ್ಥವಿತ್ತೆಂಬುದನ್ನು ನೆನೆದರೆ, ಕಾರ್ಥೇಜಿನಲ್ಲಿ ಹುಟ್ಟಿದ ಕಷ್ಟವೇ ಬಳ್ಳಾರಿಯಲ್ಲಿಯೂ ಕಾದಿತ್ತೆಂಬುದು ತಿಳಿಯುತ್ತದೆ.

ಇನ್ನು ಸಿದ್ಧಾಂತದ ಹೆಸರು. ‘ತ್ರಿತ್ವ’ ಎಂಬುದು ಲ್ಯಾಟಿನಿನ ಪದಕ್ಕೆ ಸರಿಸಮವಾದರೂ ಅದರಲ್ಲಿ ಮೂರು ಮಾತ್ರ ಕೇಳುತ್ತದೆ, ಒಂದು ಕೇಳುವುದಿಲ್ಲ. ‘ತ್ರಯೈಕ್ಯ’ ಎಂಬ ಪದದಲ್ಲಿ ಎರಡೂ ಕೇಳುತ್ತವೆ: ತ್ರಯ ಮತ್ತು ಐಕ್ಯ ಸೇರಿ ವೃದ್ಧಿಸಂಧಿ. ‘ತ್ರಯೇಕ ದೇವರು’ ಎಂಬ ಬಳಕೆಯೂ ಉಂಟು. ಸಂಸ್ಕೃತದ ಸಂಧಿಯಂತೆ ಅದು ‘ತ್ರಯೈಕ’ ಎಂದಾಗಬೇಕು; ಜನ ಕನ್ನಡದ ಲೋಪಸಂಧಿಯನ್ನು ಹಚ್ಚಿ ‘ತ್ರಯೇಕ’ ಎಂದರು. ಪಂಡಿತರು ಇದನ್ನು ತಪ್ಪೆನ್ನಬಹುದು. ಆದರೆ ಪರದೇಶದ ಸಿದ್ಧಾಂತವೊಂದು ಸಂಸ್ಕೃತದ ಉಡುಪನ್ನು ತೊಟ್ಟು ಬಂದು ಕೊನೆಗೆ ಕನ್ನಡದ ಸಂಧಿಗೆ ಒಳಗಾಯಿತೆಂದರೆ, ಅದು ಮನೆಯವರ ಬಾಯಿಗೆ ಬಂತೆಂದೇ ಅರ್ಥ.

ಮಾತಿನ ಈ ಕಷ್ಟ ಎಷ್ಟು ದೊಡ್ಡದಾಗಬಲ್ಲದೆಂಬುದಕ್ಕೆ, ಬಳ್ಳಾರಿಯಲ್ಲಿ ಅನುವಾದ ನಡೆಯುತ್ತಿದ್ದ ಕಾಲದಲ್ಲಿಯೇ ಬಂಗಾಳದಲ್ಲಿ ಒಂದು ನಿದರ್ಶನ ದೊರೆಯಿತು. ವಿಲಿಯಂ ಆಡಮ್ ಎಂಬ ಸ್ಕಾಟ್ಲೆಂಡಿನ ಬ್ಯಾಪ್ಟಿಸ್ಟ್ ಪಾದ್ರಿ, ವಿಲಿಯಂ ಯೇಟ್ಸ್ ಎಂಬ ಇನ್ನೊಬ್ಬ ಪಾದ್ರಿ, ರಾಜಾ ರಾಮಮೋಹನ ರಾಯರು, ಈ ಮೂವರು ಸೇರಿ ಕಲ್ಕತ್ತೆಯಲ್ಲಿ ಸುವಾರ್ತೆಗಳ ಬಂಗಾಳಿ ಅನುವಾದವನ್ನು ತಿದ್ದುತ್ತಿದ್ದರು. ಯೋಹಾನನ ಸುವಾರ್ತೆಯ ಆರಂಭದಲ್ಲಿ ಸಮಸ್ತ ಸೃಷ್ಟಿಯೂ ಕ್ರಿಸ್ತನೆಂಬ ವಾಕ್ಯದಿಂದ ಆಯಿತೆಂಬ ಮಾತು ಬರುತ್ತದೆ. ಅಲ್ಲಿಯ ಒಂದು ಗ್ರೀಕ್ ಅವ್ಯಯವನ್ನು ಹೇಗೆ ಹೇಳುವುದು? ‘ಅವನಿಂದ’ ಎಂದರೆ ಅವನೇ ಕರ್ತೃ. ‘ಅವನ ಮೂಲಕ’ ಎಂದರೆ ಕರ್ತೃ ಬೇರೊಬ್ಬ, ಇವನು ಸಾಧನ. ಮೊದಲು ಎರಡನೆಯದಕ್ಕೆ ಒಪ್ಪಿದ ಯೇಟ್ಸರು, ಅದರಲ್ಲಿ ಏರಿಯಸನ ವಾಸನೆಯಿದೆಯೆಂದು ಮತ್ತೆ ಹಿಂದೆ ಸರಿದರು. ಆಡಮರು ಸರಿಯಲಿಲ್ಲ. ವಿಚಾರ ಮಾಡುತ್ತ ಹೋದಂತೆ ಅವರಿಗೆ ತ್ರಿತ್ವದಲ್ಲಿಯೇ ನಂಬಿಕೆ ತಪ್ಪಿತು; 1821ರಲ್ಲಿ ಅದನ್ನು ಬಹಿರಂಗವಾಗಿ ಹೇಳಿದರು. ಹೊಟ್ಟೆಗೆ ಕೊಟ್ಟ ಮಿಷನ್ನು, ಕೂಡಿ ದುಡಿದ ಗೆಳೆಯರು ಎಲ್ಲವೂ ಬಿಟ್ಟುಹೋದವು. ಎರಡನೆಯ ಬಾರಿ ಪತಿತನಾದ ಆದಾಮನೆಂದು ಅವರ ಹೆಸರನ್ನು ಹಿಡಿದು ಮೂದಲಿಸಿದರು. ರಾಮಮೋಹನ ರಾಯರಿಗೂ ಶ್ರೀರಾಮಪುರದ ಮಾರ್ಷ್‌ಮನ್ನರಿಗೂ ಇದೇ ವಿಷಯದಲ್ಲಿ ದೀರ್ಘವಾದ ವಾದ ನಡೆಯಿತು. ರಾಯರ ಕೊನೆಯ ಉತ್ತರವನ್ನು ಅಚ್ಚುಹಾಕಲು ಬ್ಯಾಪ್ಟಿಸ್ಟ್ ಮುದ್ರಣಾಲಯ ಒಪ್ಪದಿರಲು, ಅವರು ಬೇರೆ ಅಚ್ಚುಕೂಟವನ್ನೇ ಹೂಡಿ 1823ರಲ್ಲಿ ಪ್ರಕಟಿಸಿದರು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ನಮ್ಮ ಕನ್ನಡ ಸತ್ಯವೇದದಲ್ಲಿ ಅದೇ ಸ್ಥಳದಲ್ಲಿ ‘ಮೂಲಕ’ ಎಂಬ ಮಾತೇ ಬಂದಿದೆ. ಅದನ್ನು ಓದಿ ಕರ್ನಾಟಕದ ಕ್ರೈಸ್ತರು ಯಾರೂ ಏರಿಯಸನ ಶಿಷ್ಯರಾಗಲಿಲ್ಲ. ಪದ ಒಂದೇ, ಕಲ್ಕತ್ತೆಯಲ್ಲಿ ಅದು ಒಬ್ಬನ ಬಾಳನ್ನು ಮುರಿಯಿತು, ಇಲ್ಲಿ ಯಾರ ನಿದ್ದೆಯನ್ನೂ ಕೆಡಿಸಲಿಲ್ಲ. ಪದವು ಸಿದ್ಧಾಂತವನ್ನು ಒಬ್ಬಂಟಿಯಾಗಿ ಹೊರುವುದಿಲ್ಲ, ಅದನ್ನು ಆಡುವ ಜನರ ಉಪಾಸನೆಯೂ ಜೊತೆಗೆ ಹೊರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಒಪ್ಪದವರನ್ನು ಹಗುರವಾಗಿ ಕಾಣುವುದೂ ಸರಿಯಲ್ಲ. ಮದರಾಸಿನಲ್ಲಿ ತಿರುವೆಂಗಡಂ ಎಂಬ ತಮಿಳರು ವಿಲಿಯಂ ರಾಬರ್ಟ್ಸ್ ಎಂಬ ಹೆಸರಿನಿಂದ ಕ್ರೈಸ್ತರಾಗಿ, ತ್ರಿತ್ವವನ್ನು ಮಾತ್ರ ಒಪ್ಪದೆ, 1795ರಲ್ಲಿ ಏಕದೇವವಾದಿ ಕ್ರೈಸ್ತರ ಸಭೆಯೊಂದನ್ನು ಕಟ್ಟಿದರು. ಗುರುತ್ವಾಕರ್ಷಣದ ನಿಯಮವನ್ನು ಕಂಡ ನ್ಯೂಟನ್ನನು ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನಲ್ಲಿಯೇ ಇದ್ದುಕೊಂಡು ತ್ರಿತ್ವವನ್ನು ನಂಬದೆ ಆ ಗುಟ್ಟನ್ನು ಸಾಯುವತನಕ ಕಾಪಾಡಿಕೊಂಡನು. ನಮ್ಮ ನೆರೆಯ ಮುಸಲ್ಮಾನರಿಗೆ ದೇವರ ಏಕತ್ವವೇ ಧರ್ಮದ ಮೂಲ. ಯೇಸುವನ್ನು ಪ್ರವಾದಿಯೆಂದು ಗೌರವಿಸಿದರೂ ದೇವರ ಮಗನೆಂಬ ಮಾತನ್ನು ಅವರು ಒಪ್ಪರು. ಇವರೆಲ್ಲರೂ ದೇವರು ಒಬ್ಬನೆಂಬ ಸತ್ಯಕ್ಕೆ ಕುಂದು ಬರಬಾರದೆಂದು ಕಾದವರು. ತ್ರಿತ್ವವನ್ನು ಒಪ್ಪಿದ ಕ್ರೈಸ್ತರೂ ಅದೇ ಸತ್ಯಕ್ಕೆ ಕುಂದು ಬರಲಿಲ್ಲವೆಂದೇ ವಾದಿಸುತ್ತಾರೆ. ಎರಡು ಪಕ್ಷಕ್ಕೂ ಕಾಯಬೇಕಾದ ನಿಧಿ ಒಂದೇ.

ಹಾಗಾದರೆ ನಮ್ಮ ಸಂಪ್ರದಾಯದಲ್ಲಿ ಇದಕ್ಕೆ ಹೋಲಿಕೆಯಿಲ್ಲವೆ? ತ್ರಿಮೂರ್ತಿಗಳ ಹೋಲಿಕೆ ಬಹಳ ದೂರ ಬರುವುದಿಲ್ಲ. ಸೃಷ್ಟಿ, ಸ್ಥಿತಿ, ಲಯಗಳೆಂಬ ಕೆಲಸದ ಹಂಚಿಕೆ ಅಲ್ಲಿ ಮುಖ್ಯ. ಕ್ರೈಸ್ತ ಸಿದ್ಧಾಂತದಲ್ಲಿ ಸೃಷ್ಟಿಯ ಕೆಲಸದಲ್ಲಿ ಮೂವರೂ ಇದ್ದಾರೆ, ಉದ್ಧಾರದಲ್ಲಿಯೂ ಮೂವರೂ ಇದ್ದಾರೆ. ಒಂದೇ ತೊಟ್ಟಿನ ಮೂರು ಎಲೆಗಳ ಬಿಲ್ವಪತ್ರೆ ಕಣ್ಣಿಗೆ ಹಿತವಾದ ಹೋಲಿಕೆ. ಆದರೆ ಎಲೆಯೊಂದು ಪತ್ರೆಯ ಮೂರನೆಯ ಒಂದು ಪಾಲು, ಇಲ್ಲಿ ಪಾಲಿನ ಮಾತಿಲ್ಲ. ಬಂಗಾಳದ ಕೇಶವಚಂದ್ರ ಸೇನರು 1882ರ ಉಪನ್ಯಾಸವೊಂದರಲ್ಲಿ ಸತ್, ಚಿತ್, ಆನಂದ ಎಂಬ ಮೂರರೊಡನೆ ತ್ರಿತ್ವವನ್ನು ಹೋಲಿಸಿದರು. ಕ್ಯಾಥೊಲಿಕರಾದ ಬ್ರಹ್ಮಬಾಂಧವ ಉಪಾಧ್ಯಾಯರು 1898ರಲ್ಲಿ ಸಚ್ಚಿದಾನಂದನನ್ನು ವಂದಿಸುವ ಸಂಸ್ಕೃತ ಸ್ತೋತ್ರವೊಂದನ್ನು ರಚಿಸಿ ತ್ರಿತ್ವವನ್ನು ವೇದಾಂತದ ಪದಗಳಲ್ಲಿ ಹಾಡಿದರು. ಸತ್, ಚಿತ್, ಆನಂದಗಳು ಬ್ರಹ್ಮದ ಮೂರು ಪಾಲುಗಳಲ್ಲ, ಒಂದೊಂದೂ ಬ್ರಹ್ಮವೇ. ಹೋಲಿಕೆಗಳಲ್ಲಿ ಇದು ಹೆಚ್ಚು ಹತ್ತಿರದ್ದು. ಆದರೂ ಸತ್ತು ಚಿತ್ತನ್ನು ಪ್ರೀತಿಸುತ್ತದೆ ಎಂದು ವೇದಾಂತಿ ಹೇಳುವುದಿಲ್ಲ. ತಂದೆಯು ಮಗನನ್ನು ಪ್ರೀತಿಸುತ್ತಾನೆ ಎಂಬುದೇ ಕ್ರೈಸ್ತರಿಗೆ ಮುಖ್ಯ. ದೇವರಲ್ಲಿ ಸೃಷ್ಟಿಗೆ ಮೊದಲೇ ಪ್ರೀತಿ ಇತ್ತು. ಪ್ರೀತಿಸಲು ಜಗತ್ತು ಹುಟ್ಟಲೆಂದು ಅವನು ಕಾಯಬೇಕಾಗಿರಲಿಲ್ಲ. ಈ ಸಿದ್ಧಾಂತವನ್ನು ಒಪ್ಪುವವರು ತಮ್ಮ ಒಪ್ಪಿಗೆಗೆ ಕೊಡುವ ಕಾರಣಗಳಲ್ಲಿ ಇದು ಬಲವಾದದ್ದು.

ಒಪ್ಪಿ ಬಾಳಿದವರ ಸಂಗತಿಯನ್ನು ನೋಡಲು ಮತ್ತೆ ನಮ್ಮ ಉತ್ತರ ಬೆಂಗಳೂರಿಗೇ ಬರೋಣ. ಚಿಕ್ಕಬಾಣಾವರದ ಆಚೆ, ಹೆಸರಘಟ್ಟದ ಕಡೆಗೆ ಹೋಗುವಲ್ಲಿ ಸಿಲುವೆಪುರವೆಂಬ ಹಳ್ಳಿಯಿದೆ. ಸಿಲುವೆಯೆಂದರೆ ಶಿಲುಬೆ. 1876–78ರ ಭೀಕರ ಕ್ಷಾಮದಲ್ಲಿ ಅನಾಥರಾದ ಮಕ್ಕಳಿಗೆ ನೆಲೆಯಾಗಲೆಂದು ಕ್ಯಾಥೊಲಿಕ್ ಮಿಷನ್ನು ಏರ್ಪಡಿಸಿದ ಬೇಸಾಯದ ಊರುಗಳಲ್ಲಿ ಇದೊಂದು. ತಂದೆತಾಯಿಗಳನ್ನು ಕಳೆದುಕೊಂಡ ಆ ಮಕ್ಕಳಿಗೆ ನಿಸೀಯದ ಸಭೆಯಾಗಲಿ ಗ್ರೀಕಿನ ಅಕ್ಷರಭೇದವಾಗಲಿ ಏನು ಗೊತ್ತು? ಕ್ಯಾಥೊಲಿಕರ ಮನೆಯಲ್ಲಿ ಮಗು ಮೊದಲು ಕಲಿಯುವುದು ಹಣೆ, ಎದೆ, ಎರಡು ಭುಜಗಳನ್ನು ಮುಟ್ಟಿಕೊಂಡು ಪಿತ, ಸುತ, ಪವಿತ್ರಾತ್ಮರ ಹೆಸರನ್ನು ಹೇಳುವ ಶಿಲುಬೆಯ ಗುರುತು. ಉಣ್ಣುವ ಮೊದಲು, ಮಲಗುವ ಮೊದಲು, ನೇಗಿಲು ಹೂಡುವ ಮೊದಲು ಅದೇ. ಹೆತ್ತ ತಂದೆಯನ್ನು ಬರದಲ್ಲಿ ಮಣ್ಣುಮಾಡಿದ ಹುಡುಗನೊಬ್ಬ ‘ಪಿತ’ ಎಂದು ಹಣೆಯನ್ನು ಮುಟ್ಟಿಕೊಂಡಾಗ ಅವನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಯಾವ ಗ್ರಂಥವೂ ಬರೆದಿಟ್ಟಿಲ್ಲ. ಅನ್ನ ಕೊಟ್ಟವರ ಮತವನ್ನು ಹಿಡಿಯುವುದು ಒಪ್ಪಿಗೆಯೇ ಎಂದು ಕೇಳುವವರುಂಟು; ಆ ಪ್ರಶ್ನೆಯನ್ನು ಚರಿತ್ರೆ ಮರೆಯಕೂಡದು. ಆದರೆ ತಲೆಮಾರುಗಳು ಕಳೆದ ಮೇಲೂ ಉಳಿದುಬಂದ ಪ್ರಾರ್ಥನೆಗೆ ಆ ಮೊದಲ ತುತ್ತು ಒಂದೇ ಕಾರಣವೆಂದು ಹೇಳಲಾಗದು.

ಇದೇ ಮೈಸೂರು ಸೀಮೆಯಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ಕೆಲಸಮಾಡಿ, 1823ರಲ್ಲಿ ಫ್ರಾನ್ಸಿಗೆ ಮರಳಿದ ಅಬ್ಬೆ ದುಬಾಯ್ ಎಂಬ ಪಾದ್ರಿಗಳು, ಈ ದೇಶದ ಜನರಲ್ಲಿ ಕ್ರೈಸ್ತಮತ ಬೇರೂರುವುದು ಕಠಿನವೆಂದೂ ಬೈಬಲಿನ ಭಾಷಾಂತರಗಳಿಂದ ಪ್ರಯೋಜನವಿಲ್ಲವೆಂದೂ ನಿರಾಶೆಯಿಂದ ಬರೆದರು. ಅವರ ಮಾತಿನಲ್ಲಿ ಅನುಭವವಿತ್ತು. ಆದರೆ ಪದಗಳು ಒಂದು ದಿನದಲ್ಲಿ ಬೇರೂರುವುದಿಲ್ಲ. ಬೆನ್‌ಸನ್ ಟೌನಿನ ಮಿಲ್ಲರ್ಸ್ ರಸ್ತೆಯಲ್ಲಿರುವ ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರಲ್ಲಿ ಆರಂಭವಾಗಿ ನೂರು ವರ್ಷಕ್ಕೂ ಮಿಕ್ಕಿ ಇದೇ ಪದಗಳನ್ನು ಶೋಧಿಸುತ್ತ ಬಂದಿದೆ. ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥರು ಕ್ರೈಸ್ತ ಸಿದ್ಧಾಂತಕ್ಕೂ ಹಿಂದೂ ದರ್ಶನಗಳಿಗೂ ಮಾತುಕತೆ ನಡೆಸಿ ಹೊರದೇಶಗಳಲ್ಲಿಯೂ ಹೆಸರಾದರು. ಹಚಿನ್ಸ್ ರಸ್ತೆಯ ಬಳಿ 1967ರಲ್ಲಿ ಆರಂಭವಾದ ಕ್ಯಾಥೊಲಿಕರ ರಾಷ್ಟ್ರೀಯ ಕೇಂದ್ರವು ಉಪಾಸನೆಗೆ ಭಾರತೀಯ ರೂಪವನ್ನು ಕೊಡಲು ಯತ್ನಿಸಿತು. ಅದಕ್ಕಾಗಿ ಚಿತ್ರಗಳನ್ನು ರಚಿಸಿದ ಜ್ಯೋತಿ ಸಾಹಿಯವರು ನೆಲೆಸಿ 1980ರ ದಶಕದಲ್ಲಿ ಕಲಾ ಆಶ್ರಮವನ್ನು ಕಟ್ಟಿದ್ದು ಆ ಸಿಲುವೆಪುರದಲ್ಲಿಯೇ. ಬರದ ಮಕ್ಕಳು ಕೈಯಿಂದ ಎಳೆದ ಗುರುತನ್ನು ವಿದ್ವಾಂಸರು ಪದದಿಂದಲೂ ಕಲಾವಿದರು ಬಣ್ಣದಿಂದಲೂ ಎಳೆಯಲೆತ್ನಿಸಿದರು.

ಈ ಚರಿತ್ರೆಯನ್ನು ತಿಳಿದವರು ತ್ರಯೈಕ್ಯವನ್ನು ಒಪ್ಪಲೇಬೇಕೆಂಬ ನಿಯಮವೇನೂ ಇಲ್ಲ. ಆಡಮರು ಮನಸ್ಸಾಕ್ಷಿಗೆ ಅಂಜಿ ಬಿಟ್ಟರು. ಅಥನೇಸಿಯಸನು ಮನಸ್ಸಾಕ್ಷಿಗೆ ಅಂಜಿ ಹಿಡಿದನು. ನಮ್ಮ ಕೈಯಲ್ಲಿ ಆಗುವುದು ಇಷ್ಟು: ನೆರೆಮನೆಯವರು ಹೇಳದಿರುವುದನ್ನು ಅವರ ಬಾಯಲ್ಲಿ ಇಡದಿರುವುದು. ಅವರು ಮೂವರನ್ನು ಹೆಸರಿಸಿ ‘ನಾಮ’ವನ್ನು ಏಕವಚನದಲ್ಲಿಯೇ ಹೇಳುತ್ತಾರೆ. ಆ ವಚನವನ್ನು ತಿದ್ದದೆ ಕೇಳಿಸಿಕೊಂಡರೆ ಅವರ ನಂಬಿಕೆಯ ಅರ್ಧ ತಿಳಿದಂತೆ. ಉಳಿದರ್ಧವನ್ನು ಅವರಿಂದಲೇ ಕೇಳಿ ತಿಳಿಯಬೇಕು.